ಮಗುವಿನ ಮಲದಲ್ಲಿ ರಕ್ತ ಕಂಡರೆ...

"ಅಮ್ಮಿ, ರಕ್ತ ಬಂತು" ಎಂದು ಐದು ವರ್ಷದ ಮಗು ಶೌಚಾಲಯದಿಂದ ಓಡಿ ಬಂದರೆ ಯಾವ ತಾಯಿಯೂ ಗಾಬರಿಯಾಗುತ್ತಾಳೆ. ಮರುದಿನ ರಕ್ತ ಕಾಣದಿದ್ದರೆ 'ಉಷ್ಣವಾಗಿರಬೇಕು, ಮೂಲವ್ಯಾಧಿ ಇರಬೇಕು' ಎಂದು ಸುಮ್ಮನಾಗುತ್ತೇವೆ. ಆದರೆ ಚಿಕ್ಕ ಮಕ್ಕಳಲ್ಲಿ ಮೂಲವ್ಯಾಧಿ ಅಪರೂಪ.

ಮಲ ಗಟ್ಟಿಯಾಗಿದ್ದು, ಮಗು ನೋವಿನಿಂದ ಅಳುತ್ತಿದ್ದರೆ, ಮಲದ ಮೇಲೆ ರಕ್ತದ ಗೆರೆ ಇದ್ದರೆ ಅದು ಹೆಚ್ಚಾಗಿ ಮಲಬದ್ಧತೆಯಿಂದಾದ ಗುದದ್ವಾರದ ಬಿರುಕು. ನೀರು, ಹಣ್ಣು, ಸೊಪ್ಪು ಮತ್ತು ವೈದ್ಯರು ಕೊಡುವ ಮಲ ಮೆದುವಾಗಿಸುವ ಔಷಧದಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ಇದಕ್ಕೆ ಕೊಲೊನೋಸ್ಕೋಪಿ ಬೇಕಿಲ್ಲ.

ನೋವಿಲ್ಲದೆ ಆಗಾಗ ಕೆಂಪು ರಕ್ತ ಬರುತ್ತಿದ್ದರೆ? 2ರಿಂದ 10 ವರ್ಷದ ಮಕ್ಕಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ಪಾಲಿಪ್, ಅಂದರೆ ದೊಡ್ಡ ಕರುಳಿನ ಒಳಗೋಡೆಯಲ್ಲಿ ದ್ರಾಕ್ಷಿಯಂತೆ ತೊಟ್ಟಿನಿಂದ ನೇತಾಡುವ ಗಂಟು. ಒಂದೇ ಇದ್ದರೆ ಅದು ಬಹುತೇಕ ಕ್ಯಾನ್ಸರ್ ಅಲ್ಲ. ಆದರೆ ತಿಂಗಳುಗಟ್ಟಲೆ ರಕ್ತ ಸೋರಿದರೆ ಮಗುವಿಗೆ ರಕ್ತಹೀನತೆ ಬರುತ್ತದೆ. ವಾರಗಟ್ಟಲೆ ರಕ್ತಭೇದಿ, ಹೊಟ್ಟೆನೋವು, ತೂಕ ಇಳಿಕೆ ಇದ್ದರೆ ಕರುಳಿನ ಉರಿಯೂತ ಅಥವಾ ಕ್ಷಯವನ್ನೂ ಶಂಕಿಸಬೇಕಾಗುತ್ತದೆ.

ಇಲ್ಲಿ ಕೊಲೊನೋಸ್ಕೋಪಿ ನೆರವಿಗೆ ಬರುತ್ತದೆ. ಮಗುವಿಗೆ ಅರಿವಳಿಕೆ ಕೊಟ್ಟು, ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ತೆಳು ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಬಿಟ್ಟು ಕರುಳನ್ನು ನೋಡುತ್ತಾರೆ. ಪಾಲಿಪ್ ಕಂಡರೆ ಸಾಮಾನ್ಯವಾಗಿ ಆಗಲೇ ತಂತಿಯ ಕುಣಿಕೆಯಿಂದ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಹೆಚ್ಚಿನ ಮಕ್ಕಳು ಅದೇ ದಿನ ಮನೆಗೆ ಮರಳುತ್ತಾರೆ. ಕರುಳಿಗೆ ರಂಧ್ರವಾಗುವ ಅಪಾಯ ಇದೆ, ಆದರೆ ಬಹಳ ವಿರಳ.

ಕಷ್ಟವೆಂದರೆ ಹಿಂದಿನ ದಿನದ ತಯಾರಿ. ಭೇದಿ ಔಷಧ ಕುಡಿಸಿ ಕರುಳನ್ನು ಪೂರ್ತಿ ಶುಚಿಗೊಳಿಸಬೇಕು. ಎಳನೀರು, ತಿಳಿ ಸಾರಿನಂಥ ದ್ರವಗಳನ್ನು ಕೊಡಬಹುದು. ಕೆಂಪು ಬಣ್ಣದ ಶರಬತ್ತು ಬೇಡ, ಅದು ರಕ್ತದಂತೆ ಕಾಣುತ್ತದೆ. ಯಾವ ಹೊತ್ತಿನಿಂದ ಏನನ್ನೂ ಕೊಡಬಾರದು ಎಂದು ವೈದ್ಯರು ಹೇಳಿದ್ದನ್ನು ತಪ್ಪದೆ ಪಾಲಿಸಿ.

ಹೆಣ್ಣು ಮಗುವೆಂಬ ಸಂಕೋಚದಿಂದ ಪರೀಕ್ಷೆ ಮುಂದೂಡಬೇಡಿ. ಮಹಿಳಾ ಸಿಬ್ಬಂದಿ ಜೊತೆಗಿರಲೆಂದು ಮೊದಲೇ ಕೇಳಿಕೊಳ್ಳಿ.

ರಕ್ತ ಧಾರಾಳವಾಗಿ ಹೋದರೆ, ಮಗು ಮಂಕಾದರೆ, ಹಸಿರು ವಾಂತಿಯಾದರೆ, ಎಳೆಗೂಸು ಬಿಟ್ಟುಬಿಟ್ಟು ಚೀರುತ್ತಾ ಕೆಂಪು ಲೋಳೆಯಂಥ ಮಲ ಮಾಡಿದರೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಮಗು ತಾನೇ ತೊಳೆದುಕೊಂಡು ನೀರು ಸುರಿದು ಬಂದರೆ ರಕ್ತ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಗಾಗ ನೀವೇ ನೋಡಿ. ಹೇಳಿಕೊಂಡ ಮಗುವನ್ನು ಗದರಬೇಡಿ.