ಪೈಪೋಟಿ ಇರಲಿ, ರಸ್ತೆಯಲ್ಲಿ ಬೇಡ

ರೊದ್ದಂನಿಂದ ಹಿಂದೂಪುರಕ್ಕೆ ಸರಕು ಸಾಗಿಸಲು ನಮ್ಮಲ್ಲೂ ಒಂದು ಪಿಕಪ್ ಗಾಡಿ ಇದೆ. ಮಗನೂ ಪಕ್ಕದ ಅಂಗಡಿಯ ಅವನ ಗೆಳೆಯನೂ ಎಂಜಿನ್ ಮಾರ್ಪಡಿಸಿ, ಯಾರ ಗಾಡಿ ಮುಂದೆ ಹೋಗುತ್ತದೋ ನೋಡೋಣ ಎಂದು ಹೊರಟರು.

ನಾನು ಬೈಯದೆ ಲೆಕ್ಕ ಹೇಳಿದೆ. ಅಮೆರಿಕದಲ್ಲಿ 1991ರಲ್ಲಿ ಬಂದ ಜಿಎಂಸಿ ಸೈಕ್ಲೋನ್ ಪಿಕಪ್ ಕಾಲು ಮೈಲಿ ಓಟದಲ್ಲಿ ಫೆರಾರಿ ಕಾರನ್ನೇ ಹಿಂದೆ ಹಾಕಿತು. ಆದರೆ ಅದು ಹೊರುತ್ತಿದ್ದುದು ಸುಮಾರು 227 ಕಿಲೋ. ಐವತ್ತು ಕಿಲೋದ ಐದು ಮೂಟೆಯೂ ಇಲ್ಲ!

ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಓಡಿಸಿದರೆ, 2019ರ ತಿದ್ದುಪಡಿಯಂತೆ, ಮೊದಲ ತಪ್ಪಿಗೇ 3 ತಿಂಗಳವರೆಗೆ ಸೆರೆ, 5,000 ರೂ. ವರೆಗೆ ದಂಡ, ಇಲ್ಲವೆ ಎರಡೂ. ಓಟಕ್ಕೆ ಬೇರೆ ಜಾಗವಿದೆ: 2014ರಲ್ಲಿ ನೊಯಿಡಾ ಬಳಿಯ ಬುದ್ಧ ಸರ್ಕ್ಯೂಟ್‌ನಲ್ಲಿ ಟಾಟಾ ಲಾರಿಗಳೇ ಓಡಿದವು.

ಈಗ ಇಬ್ಬರ ಪೈಪೋಟಿ ಡೀಸೆಲ್ ಉಳಿಸುವುದರಲ್ಲಿ. ಸೋತವನು ಕಾಫಿ ಕೊಡಿಸಬೇಕು. ಕಳೆದ ತಿಂಗಳು ಕೊಡಿಸಿದವನು ನನ್ನ ಮಗನೇ!