ಸಣ್ಣ ಶಿಕ್ಷಣ ಮಹಾವಿದ್ಯಾಲಯದ ಬಿ.ಎಡ್. ವ್ಯಾಸಂಗದ ಮೌಲ್ಯಮಾಪನ

ಗೋಕಾಕ, ಮೂಡಲಗಿ, ಹುಕ್ಕೇರಿಗಳಂತಹ ಗ್ರಾಮಬಹುಳ ತಾಲೂಕುಗಳಲ್ಲಿ ಸಣ್ಣ ಶಿಕ್ಷಣ ಮಹಾವಿದ್ಯಾಲಯವೊಂದರ ಯೋಗ್ಯತೆಯನ್ನು ಪರೀಕ್ಷೆಯ ಫಲಿತಾಂಶದಿಂದಲೇ ನಿರ್ಣಯಿಸುವುದು ಯುಕ್ತವಲ್ಲ. ಲಿಖಿತ ಪರೀಕ್ಷೆಯು ಬೋಧನತತ್ತ್ವದ ಜ್ಞಾನವನ್ನು ಅಳೆಯುವುದೇ ಹೊರತು ಬೋಧಿಸುವ ಸಾಮರ್ಥ್ಯವನ್ನಲ್ಲ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ವ್ಯಾಸಂಗವನ್ನು 1 ವರ್ಷದಿಂದ 2 ವರ್ಷಗಳಿಗೆ ವಿಸ್ತರಿಸಿ, ಕನಿಷ್ಠಪಕ್ಷ 20 ವಾರಗಳ ಶಾಲಾನುಭವವನ್ನು ವಿಧಿಸಿದುವು. ಆದರೆ ವಾರಗಳ ಎಣಿಕೆಯೂ ಪ್ರಮಾಣವಾಗಲಾರದು. ಅಧ್ಯಾಪಕರು ಕೆಲವರೇ ಇರುವಲ್ಲಿ ಗಣಿತದ ಪಾಠವನ್ನು ಭಾಷಾಧ್ಯಾಪಕರು ಪರೀಕ್ಷಿಸುವ ಪ್ರಸಂಗವು ಬರಬಹುದು; ಆಗ ವಿಮರ್ಶೆಯು ಧ್ವನಿ, ಕರಿಹಲಗೆಗಳಲ್ಲಿಯೇ ನಿಂತು, ಗಣಿತದ ತಪ್ಪು ತಿದ್ದದೆ ಉಳಿಯುವುದು. ಆದುದರಿಂದ ಪ್ರಶಿಕ್ಷಣಾರ್ಥಿಯ ಪಾಠವನ್ನು ಆ ವಿಷಯವನ್ನು ಬಲ್ಲವರೇ ನೋಡಿದರೇ, ಮೊದಲಿನ ಪಾಠಕ್ಕಿಂತ ಕೊನೆಯ ಪಾಠವು ಉತ್ತಮವಾಯಿತೇ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು. ಇವನ್ನು ಬಿಟ್ಟ ಮೌಲ್ಯಮಾಪನದ ನಷ್ಟವನ್ನು ಹೊರುವವರು ಹಳ್ಳಿಯ ಶಾಲೆಯ ಮಕ್ಕಳು.