ಕೈಗೆ ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ

ನಮ್ಮ ಅಳ್ನಾವರದಾಗ ಫುಟ್‌ಬಾಲ್ ಆಡುವಾಗ ಚೆಂಡು ಯಾರ ಕೈಗೆ ಬಡಿದರೂ ಸಾಕು, “ಹ್ಯಾಂಡ್‌ಬಾಲ್ ಆತಲೇ!” ಅಂತ ಒದರತೀವಿ. ಆದರೆ ನಿಯಮ ಹಾಗಿಲ್ಲ.

ಫುಟ್‌ಬಾಲಿಗೆ ಒಟ್ಟು 17 ನಿಯಮಗಳಿವೆ. ಹ್ಯಾಂಡ್‌ಬಾಲ್ 12ನೆಯದರಲ್ಲಿ ಬರುತ್ತದೆ. ಗೋಲ್‌ಕೀಪರನನ್ನು ಬಿಟ್ಟು ಬೇರೆಯವರು ಬೇಕಂತಲೇ ಕೈಯಿಂದ ಚೆಂಡು ಮುಟ್ಟಿದರೆ ತಪ್ಪು. ಕೈ ಅಗಲಿಸಿ ಮೈ ದೊಡ್ಡದು ಮಾಡಿಕೊಂಡಾಗ ಬಡಿದರೂ ತಪ್ಪು. ಓಡುವಾಗ, ಜಿಗಿಯುವಾಗ ಕೈ ಸಹಜವಾಗಿ ಇರುವಲ್ಲೇ ಇದ್ದು, ಚೆಂಡು ತಾನಾಗಿ ಬಂದು ಬಡಿದರೆ ತಪ್ಪಲ್ಲ. ಭುಜಕ್ಕೆ ಬಡಿದರೂ ತಪ್ಪಲ್ಲ. ಕಂಕುಳಿನ ಮಟ್ಟದಿಂದ ಕೆಳಗಿನದು ಮಾತ್ರ ಕೈ. ಆದರೆ ಹೊಡೆದವನ ಕೈಗೇ ತಾಗಿ ಗೋಲ್ ಆದರೆ, ಅರಿಯದೆ ತಾಗಿದ್ದರೂ ಆ ಗೋಲ್ ಇಲ್ಲ.

ಹಾಗಾದರೆ ಜಗಳ ಯಾಕೆ? “ಸಹಜ” ಅನ್ನೋದನ್ನು ಅಳೆಯಲು ಪಟ್ಟಿ ಇಲ್ಲ. ರೆಫರಿ ಕ್ಷಣದಲ್ಲೇ ಹೇಳಬೇಕು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ನಡೆದ ಐ.ಎಸ್.ಎಲ್. ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್.ಸಿ. 1-0 ಮುಂದಿತ್ತು. 72ನೆಯ ನಿಮಿಷದಲ್ಲಿ ಬೆಂಗಳೂರಿನವರ ಹ್ಯಾಂಡ್‌ಬಾಲಿಗೆ ಪೆನಾಲ್ಟಿ ಸಿಕ್ಕಿ ಮೋಹನ್ ಬಾಗಾನ್ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದಿತು. ಅದೇ ಪಂದ್ಯದಲ್ಲಿ ಬೆಂಗಳೂರಿನವರು ಕೇಳಿದ ಹ್ಯಾಂಡ್‌ಬಾಲನ್ನು ರೆಫರಿ ಕೊಡಲಿಲ್ಲ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಅಂತ ಅಭಿಮಾನಿಗಳು ಸಿಟ್ಟಾದರು.

ದೊಡ್ಡವರಿಗೇ ಹೀಗಾದರೆ ನಮಗೆ? ನಮ್ಮಲ್ಲಿ ಇದೇ ಜಗಳಕ್ಕೆ ಆಟ ಅರ್ಧಕ್ಕೇ ನಿಲ್ಲುತ್ತದೆ, ಮರುದಿನ ಒಬ್ಬರಿಗೊಬ್ಬರು ಮಾತಾಡಂಗಿಲ್ಲ. ಆದ್ದರಿಂದ ಒದರುವ ಮೊದಲು ಕೈ ಎಲ್ಲಿತ್ತು ಅಂತ ನೋಡ್ರಿ. ಎದುರು ತಂಡದವನ ಕೈಗೆ ಹೇಳಿದ ನ್ಯಾಯವನ್ನೇ ನಮ್ಮವನ ಕೈಗೂ ಹೇಳೋಣ. ಆಗ ಆಟವೂ ಉಳಿಯುತ್ತದೆ, ಗೆಳೆತನವೂ ಉಳಿಯುತ್ತದೆ.